ಟಿವಿ ರೆಕಾರ್ಡಿಂಗ್ ಡಿವಿಡಿಗೆ: ಮತ್ತೆ ಎನ್‌ಕೋಡ್ ಮಾಡುವ ಗೋಜೇ ಬೇಡ

ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಟೆರೇಸ್ ಮೇಲೆ ಆಗ್ನೇಯಕ್ಕೆ ಮುಖ ಮಾಡಿದ ಒಂದು ಡಿಡಿ ಫ್ರೀ ಡಿಶ್ ಇದೆ. ಅದರಲ್ಲಿ ಯಕ್ಷಗಾನ ಬಂದಾಗಲೆಲ್ಲ ಸೆಟ್‌ಟಾಪ್ ಬಾಕ್ಸ್‌ಗೆ ಪೆನ್‌ಡ್ರೈವ್ ಸಿಕ್ಕಿಸಿ ರೆಕಾರ್ಡ್ ಮಾಡುತ್ತೇನೆ, ಆಮೇಲೆ ಡಿವಿಡಿ ಮಾಡಿ ಊರಲ್ಲಿರುವ ದೊಡ್ಡಮ್ಮನಿಗೆ ಕಳಿಸುತ್ತೇನೆ. ಅವರಿಗೆ ನೆಟ್ಟೂ ಬೇಡ, ಸ್ಮಾರ್ಟ್‌ಫೋನೂ ಬೇಡ. ಹಳೇ ಪ್ಲೇಯರ್ ಒಂದಿದ್ದರೆ ಸಾಕು.

ಮೊದಮೊದಲು ಯಾವುದೋ ಕನ್ವರ್ಟರ್‌ಗೆ ಫೈಲ್ ಕೊಟ್ಟು, ಎನ್‌ಕೋಡ್ ಮಾಡಲು, ಅಂದರೆ ವಿಡಿಯೋವನ್ನು ಹೊಸದಾಗಿ ಕುಗ್ಗಿಸಿ ಬರೆಯಲು, ರಾತ್ರಿಯಿಡೀ ಲ್ಯಾಪ್‌ಟಾಪ್ ಓಡಿಸುತ್ತಿದ್ದೆ. ಬೆಳಿಗ್ಗೆ ನೋಡಿದರೆ ವೇಷ ಗಿರಕಿ ಹೊಡೆಯುವಾಗಲೆಲ್ಲ ಚಿತ್ರ ಚೌಕ ಚೌಕ. ಸುಮ್ನೆ ದಂಡ. ಎಂಪೆಗ್-2ರಲ್ಲಿ (ವಿಡಿಯೋ ಕುಗ್ಗಿಸುವ ಒಂದು ವಿಧಾನ) ಬರುವ ಚಾನೆಲ್ ಆದರೆ ಚಿತ್ರ ಆಗಲೇ ಡಿವಿಡಿಗೆ ಬೇಕಾದ ರೂಪದಲ್ಲೇ ಇರುತ್ತದೆ, ಅದನ್ನು ತುಂಬಿರುವ ರೀತಿ ಮಾತ್ರ ಬೇರೆ: ಪ್ರಸಾರದಲ್ಲಿ 188 ಬೈಟಿನ ಪುಟ್ಟ ಪ್ಯಾಕೆಟ್, ಡಿವಿಡಿಯಲ್ಲಿ 2048 ಬೈಟಿನ ಪ್ಯಾಕ್. ಸಾರನ್ನು ಪಾತ್ರೆಯಿಂದ ಡಬ್ಬಕ್ಕೆ ಬಗ್ಗಿಸಿದರೆ ಆಯಿತು, ಮತ್ತೆ ಕುದಿಸುವುದು ಯಾಕೆ?

ಮೊದಲು ಫೈಲನ್ನು ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್‌ನಲ್ಲಿ ತೆರೆದು ಟೂಲ್ಸ್ ಮೆನುವಿನ ಕೋಡೆಕ್ ಇನ್ಫರ್ಮೇಶನ್ ನೋಡಿ. ಫ್ರೀ ಡಿಶ್‌ನಲ್ಲಿ ಎಂಪೆಗ್-2, ಎಂಪೆಗ್-4 ಎರಡೂ ಬಗೆಯ ಚಾನೆಲ್ ಇವೆ. ಎಚ್.264 (ಎಂಪೆಗ್-4 ಚಾನೆಲ್‌ಗಳ ವಿಡಿಯೋ ಬಗೆ) ಅಂತ ಕಂಡರೆ ಈ ದಾರಿ ನಿಮಗಲ್ಲ, ಎನ್‌ಕೋಡ್ ಮಾಡಲೇಬೇಕು. ಎಂಪೆಗ್-2 ಇದ್ದು, ಅಳತೆ 720×576 ಅಥವಾ 704×576, ಆಡಿಯೋ 48 ಕಿಲೋಹರ್ಟ್ಸ್ ಇದ್ದರೆ ಗೆದ್ದಿರಿ. 544×576 ಡಿವಿಡಿ ನಿಯಮಕ್ಕೆ ಹೊರಗಿನದು. ಆದರೂ ಕೆಲವು ಪ್ಲೇಯರ್‌ಗಳು ತಕರಾರು ಮಾಡುವುದಿಲ್ಲ, ರೀರೈಟಬಲ್ ಡಿಸ್ಕ್‌ನಲ್ಲಿ ಒಮ್ಮೆ ಹಾಕಿ ನೋಡಿ. ದುಡ್ಡು ಕಟ್ಟುವ ಡಿಟಿಎಚ್ ಬಾಕ್ಸ್‌ನ ರೆಕಾರ್ಡಿಂಗ್ ಸಾಮಾನ್ಯವಾಗಿ ಲಾಕ್ ಆಗಿರುತ್ತದೆ, ಅದರ ತಂಟೆ ಬೇಡ.

ಈಗ ಅಸಲಿ ಕೆಲಸ. ರೆಕಾರ್ಡಿಂಗಿನ ದೋಷ ಸರಿಪಡಿಸಿ ಚಿತ್ರ, ಶಬ್ದ ಬೇರ್ಪಡಿಸಲು ಪ್ರಾಜೆಕ್ಟ್‌ಎಕ್ಸ್ ಅಂತ ಒಂದು ಸಾಫ್ಟ್‌ವೇರ್ ಇದೆ, ಉಚಿತ, ಜಾವಾ ಬೇಕು, ನೋಡಲು ಏನೂ ಚೆಂದವಿಲ್ಲ. ಇದನ್ನು ಬಿಟ್ಟು ಸೀದಾ ಡಿವಿಡಿಗೆ ಹಾರಿ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಜುಲೈ ತಿಂಗಳು. ಮುಂಬೈ ಮಳೆ ಗೊತ್ತಲ್ವಾ, ಜೋರಾಗಿ ಹೊಡೆದರೆ ಸಿಗ್ನಲ್ ಸೊರಗುತ್ತದೆ, ಟಿವಿಯಲ್ಲಿ ಚಿತ್ರ ಅರೆಗಳಿಗೆ ನಿಂತು ಮುಂದೆ ಹೋಗುತ್ತದೆ, ನಾವು ಚಹಾ ಕುಡಿಯುತ್ತಾ ಸುಮ್ಮನಿರುತ್ತೇವೆ. ಫೈಲಿನಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಆಡಿಯೋ ತುಂಡು ಹಾರಿಹೋಗಿರುತ್ತದೆ. ಡಿಸ್ಕ್ ತಲುಪಿದ ದಿನವೇ ದೊಡ್ಡಮ್ಮನ ಫೋನ್: "ಚೆಂಡೆ ಮೊದ್ಲು ಕೇಳ್ತದೆ, ಕೋಲು ಆಮೇಲೆ ಬೀಳ್ತದೆ, ಎಂಥ ಮಾರಾಯ ಇದು?"

ಪ್ರಾಜೆಕ್ಟ್‌ಎಕ್ಸ್‌ನಲ್ಲಿ ಫೈಲ್ ಸೇರಿಸಿ ಡಿಮಕ್ಸ್ ಆರಿಸಿದರೆ ಅದು ಟೈಮ್‌ಸ್ಟ್ಯಾಂಪ್ (ಯಾವ ತುಂಡು ಯಾವಾಗ ಬರಬೇಕೆಂಬ ಗುರುತು) ಓದಿ, ಕೆಟ್ಟ ಫ್ರೇಮ್ ಬಿಸಾಡಿ, ಆಡಿಯೋ ಹೋದ ಕಡೆ ಮೌನ ತುಂಬಿ, ಚಿತ್ರ ಒಂದು, ಶಬ್ದ ಒಂದು ಅಂತ ಎರಡು ಫೈಲ್ ಕೊಡುತ್ತದೆ. ಎಫ್‌ಎಟಿ32 ಪೆನ್‌ಡ್ರೈವ್‌ನಲ್ಲಿ 4 ಜಿಬಿ ದಾಟಿದ ಫೈಲ್ ನಿಲ್ಲುವುದಿಲ್ಲ, ಹಾಗಾಗಿ ಉದ್ದದ ರೆಕಾರ್ಡಿಂಗ್ ತುಂಡಾಗಿರಬಹುದು. ತುಂಡುಗಳನ್ನೆಲ್ಲ ಕ್ರಮವಾಗಿ ಒಂದೇ ಪಟ್ಟಿಗೆ ಸೇರಿಸಿ. ಜಾಹೀರಾತನ್ನೂ ಇಲ್ಲೇ ಕತ್ತರಿಸಿ. ಬೇಕಾದ ಫ್ರೇಮಿಗೇ ಕತ್ತರಿ ಬೀಳುವುದಿಲ್ಲ, ಸುಮಾರು ಅರ್ಧ ಸೆಕೆಂಡು ಹಿಂದೆ ಮುಂದೆ ಆಗುತ್ತದೆ. ಸೋಪಿನ ಪ್ಯಾಕೆಟ್ ಒಮ್ಮೆ ಮಿಂಚಿದರೆ ಮಿಂಚಲಿ ಬಿಡಿ.

ಆ ಎರಡು ಫೈಲನ್ನು ಜಿಯುಐ ಫಾರ್ ಡಿವಿಡಿಆಥರ್ ಎಂಬ ಡಿವಿಡಿ ಜೋಡಿಸುವ ಸಾಫ್ಟ್‌ವೇರ್‌ಗೆ ಕೊಡಿ, ಪಾಲ್ (ನಮ್ಮ ದೇಶದ ಟಿವಿ ಪದ್ಧತಿ) ಆರಿಸಿ, ಹತ್ತು ನಿಮಿಷಕ್ಕೊಂದು ಚಾಪ್ಟರ್ ಇಡಿ. ಕೆಲವೇ ನಿಮಿಷದಲ್ಲಿ ಪ್ಲೇಯರ್ ಓದುವ ವಿಡಿಯೋ_ಟಿಎಸ್ ಫೋಲ್ಡರ್ ಸಿದ್ಧ. ಗಂಟೆಗಟ್ಟಲೆ ತಗೊಂಡರೆ ಎಲ್ಲೋ ಎನ್‌ಕೋಡ್ ಆಗುತ್ತಿದೆ ಅಂತ ಲೆಕ್ಕ, ನಿಲ್ಲಿಸಿ.

4.7 ಜಿಬಿ ಡಿಸ್ಕ್ ಕಂಪ್ಯೂಟರಿನಲ್ಲಿ 4.38 ಅಂತ ಕಾಣುತ್ತದೆ. ಸೆಕೆಂಡಿಗೆ ಒಟ್ಟು 4 ಮೆಗಾಬಿಟ್ ದರದ ಚಾನೆಲ್ ಆದರೆ ಅದರಲ್ಲಿ ಎರಡೂವರೆ ಗಂಟೆ ಹಿಡಿಯುತ್ತದೆ. ಜಾಸ್ತಿ ಇದ್ದರೆ ಎರಡು ಡಿಸ್ಕ್ ಮಾಡಿ, ಕುಗ್ಗಿಸಲು ಹೋಗಬೇಡಿ. ಫೋಲ್ಡರನ್ನು ವಿಎಲ್‌ಸಿಯಲ್ಲಿ ಕೊನೆಯ ಹತ್ತು ನಿಮಿಷ ನೋಡಿ, ತುಟಿಗೂ ಮಾತಿಗೂ ತಾಳೆಯಾದರೆ ಇಮ್ಗ್‌ಬರ್ನ್ ಎಂಬ ಸಾಫ್ಟ್‌ವೇರ್‌ನಲ್ಲಿ ಡಿಸ್ಕಿಗೆ ಬರೆಯಿರಿ. ಪ್ರಸಂಗದ ಹೆಸರನ್ನು ಡಿಸ್ಕಿಗೆಂದೇ ಸಿಗುವ ಮಾರ್ಕರ್‌ನಲ್ಲಿ ದಪ್ಪಗೆ ಬರೆದರೆ ದೊಡ್ಡಮ್ಮನಿಗೆ ಕನ್ನಡಕ ಹುಡುಕುವುದು ತಪ್ಪುತ್ತದೆ. ಸ್ಟಿಕರ್ ಅಂಟಿಸಬೇಡಿ, ತಿರುಗುವಾಗ ಡಿಸ್ಕ್ ಅದುರುತ್ತದೆ.