ಬಿಐ ಕನ್ಸಲ್ಟೆಂಟ್ ಬರುವ ಮೊದಲು ನಿಮ್ಮ ಲೆಕ್ಕ ನೀವು ತೀರ್ಮಾನಿಸಿ

ಪೀಣ್ಯದಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ ಬಿಐ (ಬಿಸಿನೆಸ್ ಇಂಟೆಲಿಜೆನ್ಸ್, ಅಂದರೆ ವ್ಯಾಪಾರದ ಅಂಕಿಗಳನ್ನು ರಿಪೋರ್ಟ್ ಮಾಡಿ ತೋರಿಸುವ ಕೆಲಸ) ಕನ್ಸಲ್ಟೆಂಟ್‌ಗಳು ಬಂದು, ಎರಡು ತಿಂಗಳು ಕೂತು, ಅದಕ್ಕೆಂದೇ ಇರುವ ಪವರ್ ಬಿಐ ಸಾಫ್ಟ್‌ವೇರ್‌ನಲ್ಲಿ ಒಳ್ಳೆ ಡ್ಯಾಶ್‌ಬೋರ್ಡ್ (ಅಂಕಿಗಳನ್ನು ಒಂದೇ ಕಡೆ ತೋರಿಸುವ ಪರದೆ) ಮಾಡಿಕೊಟ್ಟರು. ಮೊದಲ ಮೀಟಿಂಗ್‌ನಲ್ಲೇ ಸೇಲ್ಸ್‌ನವರು "ಈ ಅಂಕಿ ತಪ್ಪು" ಅಂದರು. ಅಕೌಂಟ್ಸ್‌ನವರು "ಸರಿಯಾಗೇ ಇದೆ" ಅಂದರು. ಇಬ್ಬರ ಮಾತೂ ನಿಜ. ಒಬ್ಬರು ಆರ್ಡರ್ ಬಂದ ದಿನವನ್ನು ಮಾರಾಟ ಅಂತ ಎಣಿಸುತ್ತಿದ್ದರು, ಇನ್ನೊಬ್ಬರು ಬಿಲ್ ಹಾಕಿದ ದಿನವನ್ನು. ಕನ್ಸಲ್ಟೆಂಟ್‌ಗೆ ಇದನ್ನು ನಾವ್ಯಾರೂ ಹೇಳಿರಲಿಲ್ಲ.

ಅದಕ್ಕೇ ಮೊದಲು ಒಂದು ಹಾಳೆಯಲ್ಲಿ "ಮಾರಾಟ" ಅಂದರೆ ಏನು ಅಂತ ಬರೆಯಿರಿ. ಜಿಎಸ್‌ಟಿ ಸೇರಿಸಿಯೋ, ಬಿಟ್ಟೋ? ಮಾಲು ವಾಪಸ್ ಬಂದಾಗ ಕೊಟ್ಟ ಕ್ರೆಡಿಟ್ ನೋಟನ್ನು ಬಿಲ್ ಆದ ತಿಂಗಳಿಂದ ಕಳೆಯಬೇಕಾ, ನೋಟ್ ಕೊಟ್ಟ ತಿಂಗಳಿಂದಲಾ? ಬೆಂಗಳೂರಿಂದ ಹೊಸೂರಿನ ನಿಮ್ಮದೇ ಗೋಡೌನ್‌ಗೆ ಮಾಲು ಕಳಿಸಿದರೂ, ಅದು ತಮಿಳುನಾಡು, ಜಿಎಸ್‌ಟಿ ನಂಬರ್ ಬೇರೆ, ಹಾಗಾಗಿ ಟ್ಯಾಕ್ಸ್ ಇನ್‌ವಾಯ್ಸ್ ಆಗುತ್ತದೆ. ಇದನ್ನು ಬಿಡಿಸಿ ಹೇಳದಿದ್ದರೆ ಅದೇ ಮಾಲು ಅಲ್ಲಿಂದ ಡೀಲರ್‌ಗೆ ಹೋದಾಗ ಎರಡು ಸಲ ಮಾರಾಟ ಆದಂತೆ ಕಾಣುತ್ತದೆ. ಹೊರಗಿನವರಿಗೆ ಇದು ಹೇಗೆ ಗೊತ್ತಾಗಬೇಕು? ಸೇಲ್ಸ್, ಅಕೌಂಟ್ಸ್, ಸ್ಟೋರ್ಸ್ ಮೂವರೂ ಆ ಹಾಳೆಗೆ ಸಹಿ ಹಾಕಲಿ.

ಡೀಲರ್‌ಗಳ ಹೆಸರನ್ನೂ ನೀವೇ ಸರಿ ಮಾಡಿಕೊಳ್ಳಿ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಒಬ್ಬರದೇ ಮೂರು ಲೆಡ್ಜರ್ (ಖಾತೆ) ಇರುತ್ತವೆ, ಅಲ್ವಾ? ಜಿಎಸ್‌ಟಿ ನಂಬರಿನ 15 ಅಕ್ಷರಗಳಲ್ಲಿ ಮೊದಲ 2 ರಾಜ್ಯದ ಕೋಡ್ (ಕರ್ನಾಟಕಕ್ಕೆ 29), ಮುಂದಿನ 10 ಪ್ಯಾನ್. ಆ ಪ್ಯಾನ್ ಹಿಡಿದು ಹೊಂದಿಸಿದರೆ ಬಹುಪಾಲು ಬಗೆಹರಿಯುತ್ತದೆ. ಇದಕ್ಕೆ ಕನ್ಸಲ್ಟೆಂಟ್‌ಗೆ ದಿನದ ಲೆಕ್ಕದಲ್ಲಿ ದುಡ್ಡು ಕೊಡುವುದು ಬೇಡ.

ನಿಮ್ಮ ಕಡೆಯಿಂದ ಒಬ್ಬರು ದಿನಕ್ಕೆ ಅರ್ಧ ಹೊತ್ತಾದರೂ ಅವರ ಜೊತೆ ಕೂರಲೇಬೇಕು. ಮ್ಯಾನೇಜರ್ ಬೇಡ. ವರ್ಷಗಳಿಂದ ತಿಂಗಳ ಕೊನೆಯ ಎಕ್ಸೆಲ್ ಮಾಡುತ್ತಿರುವವರನ್ನೇ ಕೂರಿಸಿ, ಯಾಕೆಂದರೆ ಯಾವ ಅಂಕಿ ಎಲ್ಲಿಂದ ಬರುತ್ತದೆ ಅಂತ ಸರಿಯಾಗಿ ಗೊತ್ತಿರುವುದು ಅವರಿಗೇ. ತಮ್ಮ ಕೆಲಸ ಹೋಗುತ್ತದೆ ಅಂತ ಅವರಿಗೆ ಭಯ ಇರುತ್ತದೆ. ಹೋಗುವುದಿಲ್ಲ ಅಂತ ಮಾಲೀಕರೇ ಎದುರಿಗೆ ಕೂರಿಸಿಕೊಂಡು ಹೇಳಬೇಕು, ಹೇಳಿದ ಹಾಗೆ ನಡೆದುಕೊಳ್ಳಲೂಬೇಕು.

ದುಡ್ಡನ್ನು ಕಂತಿನಲ್ಲಿ ಕೊಡಿ. ಒಪ್ಪಂದದಲ್ಲಿ ಕಂತು "ಡ್ಯಾಶ್‌ಬೋರ್ಡ್ ತೋರಿಸಿದಾಗ" ಅಂತ ಬರೆಯಬೇಡಿ. ಲೆಕ್ಕ ಮುಗಿದ ಒಂದು ತಿಂಗಳನ್ನು ಆರಿಸಿ, ಡ್ಯಾಶ್‌ಬೋರ್ಡ್‌ನಲ್ಲಿ ಆ ತಿಂಗಳ ಮಾರಾಟ ಟ್ಯಾಲಿಗೆ ರೂಪಾಯಿಗೆ ರೂಪಾಯಿ ಹೊಂದಿದಾಗ ಅಂತ ಬರೆಯಿರಿ. ಏಪ್ರಿಲ್‌ನಿಂದ ಇಲ್ಲಿವರೆಗಿನ ಮೊತ್ತವನ್ನೂ ನೋಡಿ. ವರ್ಷದ ಶುರುವಿನಿಂದ ಇಲ್ಲಿವರೆಗೆ ಕೂಡಿಸುವ ಪವರ್ ಬಿಐನ ಟೋಟಲ್ ವೈಟಿಡಿ ಫಂಕ್ಷನ್‌ಗೆ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ ಅಂತ ಹೇಳದಿದ್ದರೆ ಅದು ಡಿಸೆಂಬರ್ 31 ಅಂತ ಹಿಡಿದು ಜನವರಿಯಿಂದ ಕೂಡುತ್ತದೆ.

ರಿಪೋರ್ಟ್‌ಗಳನ್ನು ಇಡುವ ಪವರ್ ಬಿಐನ ವರ್ಕ್‌ಸ್ಪೇಸ್ ನಿಮ್ಮ ಕಂಪನಿಯ ಅಕೌಂಟ್‌ನಲ್ಲಿರಲಿ, ಅಡ್ಮಿನ್ ನಿಮ್ಮವರೇ ಆಗಿರಲಿ. ನಿಮ್ಮ ಕಂಪ್ಯೂಟರಿನ ಅಂಕಿಗಳನ್ನು ಪವರ್ ಬಿಐಗೆ ತಲುಪಿಸುವ ಗೇಟ್‌ವೇ ಸಾಫ್ಟ್‌ವೇರ್ ಕನ್ಸಲ್ಟೆಂಟ್ ಲ್ಯಾಪ್‌ಟಾಪ್‌ನಲ್ಲಿದ್ದರೆ, ಅವರು ಹೋದ ದಿನವೇ ರಿಫ್ರೆಶ್ (ಹೊಸ ಅಂಕಿ ಬರುವುದು) ನಿಲ್ಲುತ್ತದೆ. "ಪಬ್ಲಿಶ್ ಟು ವೆಬ್" ಒತ್ತಲು ಬಿಡಲೇಬೇಡಿ, ಆ ಲಿಂಕ್ ಸಿಕ್ಕ ಯಾರು ಬೇಕಾದರೂ ನಿಮ್ಮ ರಿಪೋರ್ಟ್ ನೋಡಬಹುದು.

ಶುರುವಿಗೆ ಒಂದೇ ರಿಪೋರ್ಟ್ ಸಾಕು, ಬಾಕಿ ವಸೂಲಿಯದ್ದೋ ಸ್ಟಾಕಿನದ್ದೋ. ಇಪ್ಪತ್ತು ಕೇಳಿದರೆ ಒಂದನ್ನೂ ಯಾರೂ ಸರಿಯಾಗಿ ಪರೀಕ್ಷಿಸುವುದಿಲ್ಲ.

ಕೊನೆ ಕಂತಿಗೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಎಕ್ಸೆಲ್‌ನವರು ಕೂತು ರಿಪೋರ್ಟ್‌ಗೆ ಒಂದು ಹೊಸ ಕಾಲಂ ಸೇರಿಸಿ ಪಬ್ಲಿಶ್ ಮಾಡಲಿ, ಕನ್ಸಲ್ಟೆಂಟ್ ಪಕ್ಕದಲ್ಲಿ ಸುಮ್ನೆ ನೋಡುತ್ತಿರಲಿ. ನಿಮ್ಮವರು ಎಲ್ಲಿ ತಡವರಿಸುತ್ತಾರೋ ಅಷ್ಟನ್ನು ಕನ್ಸಲ್ಟೆಂಟ್ ಕೈಯಲ್ಲಿ ಕನ್ನಡದಲ್ಲೇ ಬರೆಸಿಕೊಂಡು, ಆಮೇಲೆ ಚೆಕ್ ಕೊಡಿ.