ಕಾರಿನ ಕುದಿ ಓಟ: ಟೆಸ್ಟಿಂಗ್ ನೋಡಲು ನಾನು ಕಲಿತದ್ದು

2019ರ ಮಾರ್ಚ್‌ನಲ್ಲಿ ನಾನು ನಾಲ್ಕು ಜನರಿಗೆ ಗೋಳಿಬಜೆ, ಚಾ ಕೊಡಿಸಬೇಕಾಯಿತು. ಉಪ್ಪಳದ ಹೋಟೆಲಿನಲ್ಲಿ. ಕಾರಣ ಫೆರಾರಿ.

ಆ ವರ್ಷ ಫಾರ್ಮುಲಾ 1 ಕಾರ್ ರೇಸಿನ ಸೀಸನ್ ಶುರುವಾಗುವ ಮೊದಲು ಬಾರ್ಸಿಲೋನಾದಲ್ಲಿ ಎಂಟು ದಿನ ಟೆಸ್ಟಿಂಗ್, ಅಂದರೆ ಹೊಸ ಕಾರುಗಳ ಪರೀಕ್ಷೆಯ ಓಟ, ಇತ್ತು. ಕೊನೆಯ ದಿನ ಫೆರಾರಿಯ ವೆಟಲ್ 1 ನಿಮಿಷ 16.221 ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಸಿದ. ಮರ್ಸಿಡಿಸ್‌ನ ಹ್ಯಾಮಿಲ್ಟನ್ 1 ನಿಮಿಷ 16.224. ಫೆರಾರಿ ನಮಗಿಂತ ಅರ್ಧ ಸೆಕೆಂಡ್ ಮುಂದಿರಬಹುದು ಅಂತ ಹ್ಯಾಮಿಲ್ಟನೇ ಹೇಳಿದ. ಎದುರಾಳಿಯೇ ಒಪ್ಪಿಕೊಂಡ ಮೇಲೆ ಇನ್ನೇನು? ಫೆರಾರಿ ಗೆಲ್ಲುತ್ತದೆ ಅಂತ ಪಂಥ ಕಟ್ಟಿದೆ. ಮೆಲ್ಬರ್ನ್‌ನ ಮೊದಲ ರೇಸಿನಲ್ಲಿ ಮರ್ಸಿಡಿಸ್‌ನ ಬೊಟಾಸ್ ಫಸ್ಟ್, ಹ್ಯಾಮಿಲ್ಟನ್ ಸೆಕೆಂಡ್. ಫೆರಾರಿಗೆ ನಾಲ್ಕು ಮತ್ತು ಐದು. ವೆಟಲ್ ಗೆರೆ ದಾಟುವಾಗ ಬೊಟಾಸ್ ದಾಟಿ ಸುಮಾರು 57 ಸೆಕೆಂಡ್ ಆಗಿತ್ತು.

ಇದನ್ನು ಪೈವಳಿಕೆಯ ಮಾವನ ಹತ್ತಿರ ಹೇಳಿಕೊಂಡೆ. ಅವರಿಗೆ ಎಫ್‌1 ಗೊತ್ತಿಲ್ಲ. ಆದರೆ ಬೋಳಂಗಳದ ಜೋಡುಕರೆ ಕಂಬಳ ಒಂದು ವರ್ಷವೂ ತಪ್ಪಿಸಿದವರಲ್ಲ. "ಕುದಿಯಲ್ಲಿ ಜೋರು ಓಡಿದ ಕೋಣವೇ ಕಂಬಳದಲ್ಲೂ ಗೆಲ್ತದಾ ಮಾರಾಯ?" ಅಂದರು. ಕುದಿ ಅಂದರೆ ಕಂಬಳಕ್ಕೆ ಮೊದಲಿನ ಅಭ್ಯಾಸದ ಓಟ. "ಅವತ್ತಿಗೆ ಅದು ಎಷ್ಟನೇ ಓಟ, ಬಿಸಿಲು ಎಷ್ಟಿತ್ತು, ಓಟದ ಕೊನೆಗೆ ಮಂಜೊಟ್ಟಿ ಹತ್ತಿದ ಮೇಲೆ ಉಸಿರು ಹೇಗಿತ್ತು, ಅದೆಲ್ಲ ನೋಡಿದ್ಯಾ?" ನಾನು ಟೈಮು ಮಾತ್ರ ನೋಡಿದ್ದೆ.

ಮರುವರ್ಷದಿಂದ ಒಂದು ನೋಟ್‌ಬುಕ್ ಇಟ್ಟೆ.

ಮೊದಲು ಅರ್ಥವಾದದ್ದು ಪೆಟ್ರೋಲಿನ ಲೆಕ್ಕ. 2019ರಿಂದ 2025ರವರೆಗೆ ರೇಸಿನಲ್ಲಿ ಒಂದು ಕಾರು 110 ಕಿಲೋವರೆಗೆ ಇಂಧನ ಸುಡಬಹುದಿತ್ತು. 10 ಕಿಲೋ ಜಾಸ್ತಿ ಇದ್ದರೆ ಒಂದು ಸುತ್ತಿಗೆ ಅಂದಾಜು 0.3 ಸೆಕೆಂಡ್ ನಿಧಾನ. ಅಂದರೆ ಟ್ಯಾಂಕ್ ತುಂಬಿದ ಕಾರಿಗೂ ಖಾಲಿ ಕಾರಿಗೂ ಮೂರು ಸೆಕೆಂಡಿನ ವ್ಯತ್ಯಾಸ. ವೆಟಲ್, ಹ್ಯಾಮಿಲ್ಟನ್ ನಡುವೆ ಇದ್ದದ್ದು 0.003! ಹಸಿ ಅಡಿಕೆ ತೂಗಿ ಒಣ ಅಡಿಕೆಯ ದುಡ್ಡು ಎಣಿಸಿದ ಹಾಗೆ ಮಾಡಿದ್ದೆ ನಾನು. ಟೈರೂ ಹಾಗೆಯೇ. ಸಿ1 ಗಟ್ಟಿ, ಸಂಖ್ಯೆ ಏರಿದ ಹಾಗೆ ಮೆದು, ಸಿ5 ತುಂಬಾ ಮೆದು. ಮೆದು ಟೈರು ಒಂದು ಸುತ್ತಿಗೆ ಚೆನ್ನಾಗಿ ಓಡುತ್ತದೆ, ಬೇಗ ಸವೆಯುತ್ತದೆ.

ಟ್ಯಾಂಕಿನಲ್ಲಿ ಎಷ್ಟಿದೆ ಅಂತ ಯಾವ ಟೀಮೂ ಹೇಳುವುದಿಲ್ಲ. ಆದರೆ ಸುತ್ತುಗಳ ಸಂಖ್ಯೆ ಹೇಳುತ್ತದೆ. ಆಮೇಲಿನ ವರ್ಷಗಳಲ್ಲಿ ಟೆಸ್ಟಿಂಗ್ ಬಹ್ರೇನಿಗೆ ಬಂತು. ಅಲ್ಲಿನ ರೇಸು 57 ಸುತ್ತು. 110 ಕಿಲೋವನ್ನು 57ರಿಂದ ಭಾಗಿಸಿದರೆ ಸುತ್ತಿಗೆ 1.9 ಕಿಲೋ. ಕಾರು ನಿಲ್ಲದೆ 20 ಸುತ್ತು ಓಡಿದರೆ ಹೊರಡುವಾಗ ಸುಮಾರು 38 ಕಿಲೋ ಇರಬೇಕು. ಇನ್ನೂ ಒಳ್ಳೆಯದು, ಪೂರ್ತಿ ರೇಸಿನ ತಾಲೀಮು. ಕಾರು ಟ್ರ್ಯಾಕಿನ ಬದಿಯ ಪಿಟ್‌ಗೆ ಬರುತ್ತದೆ, ಟೈರು ಬದಲಿಸಿಕೊಂಡು ಕೂಡಲೇ ಹೊರಗೆ ಹೋಗುತ್ತದೆ. ಗ್ಯಾರೇಜಿನ ಒಳಗೆ ತಳ್ಳಿದರೋ, ಅಲ್ಲಿಗೆ ಲೆಕ್ಕ ಕೆಟ್ಟಿತು. ಒಳಗೆ ಇಂಧನ ಹಾಕಿದರೋ ತೆಗೆದರೋ ಯಾರಿಗೆ ಗೊತ್ತು? ತಳ್ಳದೆ ಐವತ್ತು ಚಿಲ್ಲರೆ ಸುತ್ತು ಮುಗಿಸಿದ ಕಾರಿಗೆ ಮಾತ್ರ ಬಚ್ಚಿಡಲು ಜಾಗವಿಲ್ಲ.

ನೋಟ್‌ಬುಕ್‌ನಲ್ಲಿ ಬರೆಯುವುದು ಹೀಗೆ. ಒಂದು ಕಾರು 1:37.0ಕ್ಕೆ ಶುರುಮಾಡಿ ಹದಿನೈದನೇ ಸುತ್ತಿಗೆ 1:37.6 ಆಯಿತು ಅಂತಿಟ್ಟುಕೊಳ್ಳಿ. ನೋಡಲು 0.6 ಮಾತ್ರ ನಿಧಾನ. ಆದರೆ ಇಂಧನ ಖಾಲಿಯಾಗುತ್ತಾ ಕಾರು ಹಗುರವಾಗಿ ಸುತ್ತಿಗೆ ಸುಮಾರು 0.06 ಸೆಕೆಂಡ್ ಲಾಭ ಆಗಬೇಕಿತ್ತು. ಹದಿನಾಲ್ಕು ಸುತ್ತಿಗೆ 0.84. ಅದೂ ಹೋಯಿತು, ಮೇಲೆ 0.6 ಕೂಡ ಹೋಯಿತು. ಒಟ್ಟು 1.44. ಅಂದರೆ ಟೈರು ಸುತ್ತಿಗೆ 0.1 ಸೆಕೆಂಡ್ ತಿನ್ನುತ್ತಿದೆ. ಅದೇ ಟೈರಿನಲ್ಲಿ ಪಕ್ಕದ ಟೀಮಿನ ಕಾರು 1:37.0ರಲ್ಲೇ ಹದಿನೈದು ಸುತ್ತು ನಿಂತರೆ ಅದನ್ನು ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ. ಮಾವ ಹೇಳಿದ ಉಸಿರು ಇದೇ.

ಹೊತ್ತೂ ಮುಖ್ಯ. ಬಹ್ರೇನ್ ಟೆಸ್ಟಿಂಗ್ ನಮ್ಮ ಮಧ್ಯಾಹ್ನ ಹನ್ನೆರಡೂವರೆಗೆ ಶುರು. ಆಗ ಅಲ್ಲಿ ಬಿಸಿಲು. ರೇಸು ಮಾತ್ರ ರಾತ್ರಿ, ದೀಪದ ಬೆಳಕಲ್ಲಿ. ಹಾಗಾಗಿ ಹಗಲಿನ ಟೈಮು ನಾನು ಬರೆದುಕೊಳ್ಳುವುದೇ ಇಲ್ಲ. ಫೆಬ್ರವರಿಯಲ್ಲಿ ತೋಟಕ್ಕೆ ನೀರು ಬಿಡುವ ಕೆಲಸವೂ ಇರುತ್ತದಲ್ವಾ. ರಾತ್ರಿ ಎಂಟರ ಮೇಲೆ ಜಗಲಿಯಲ್ಲಿ ಕೂತರೆ ಸಾಕು. ನಮ್ಮ ಕಡೆ ರೇಂಜ್ ಸಿಗುವುದೂ ಅಲ್ಲಿ ಮಾತ್ರ.

2023ರಲ್ಲಿ ಇದು ಕೈಹಿಡಿಯಿತು. ಎರಡನೇ ದಿನ ಆಲ್ಫಾ ರೋಮಿಯೋದ ಜೋ ಗುವಾನ್ಯು ಎಲ್ಲರಿಗಿಂತ ಫಾಸ್ಟ್, 1:30.610. ಗೆಳೆಯರ ಗುಂಪಿನಲ್ಲಿ ದೊಡ್ಡ ಗಲಾಟೆ. ನಾನು ಟೈರು ನೋಡಿದೆ. ಸಿ5. ಸುಮ್ನೆ ಬಿಟ್ಟೆ. ಆ ಟೀಮು ವರ್ಷದ ಕೊನೆಗೆ ಒಂಬತ್ತನೇ ಸ್ಥಾನದಲ್ಲಿತ್ತು. ನನ್ನ ಕೆಂಪು ಪೆನ್ನು ಹೋದದ್ದು ಆಸ್ಟನ್ ಮಾರ್ಟಿನ್‌ನ ಅಲೊನ್ಸೊ ಕಡೆಗೆ. ಹಿಂದಿನ ವರ್ಷ ಏಳನೇ ಸ್ಥಾನದಲ್ಲಿದ್ದ ಟೀಮು ಅದು. ಆದರೆ ಉದ್ದ ಓಟದಲ್ಲಿ ಅವನ ವೇಗ ಬೀಳುತ್ತಲೇ ಇರಲಿಲ್ಲ. ಮೂರು ಸಲ ಲೆಕ್ಕ ಹಾಕಿದೆ, ನನ್ನ ಕೂಡುವಿಕೆಯೇ ತಪ್ಪಿರಬೇಕು ಅಂತ. ರೇಸಿನಲ್ಲಿ ಅವನು ಮೂರನೆಯವನಾಗಿ ಬಂದ, ಎರಡು ರೆಡ್‌ಬುಲ್‌ಗಳ ಹಿಂದೆ. ಅವತ್ತಿನ ಗೋಳಿಬಜೆಯ ರುಚಿಯೇ ಬೇರೆ.

ಟೀಮಿನವರ ಮಾತು ಮಾತ್ರ ನಾನು ಈಗ ಬರೆದುಕೊಳ್ಳುವುದಿಲ್ಲ. ಚೆನ್ನಾಗಿದ್ದವರು ಅಳುತ್ತಾರೆ, ಕೆಟ್ಟವರು ನಗುತ್ತಾರೆ. ಒಟ್ಟು ಎಷ್ಟು ಸುತ್ತು ಓಡಿದರು ಅನ್ನುವುದೂ ಪೂರ್ತಿ ನಂಬುವಂಥದ್ದಲ್ಲ. 2021ರಲ್ಲಿ ಮರ್ಸಿಡಿಸ್ ಮೊದಲ ದಿನವೇ ಗೇರ್‌ಬಾಕ್ಸ್ ಕೆಟ್ಟು ಕೂತಿತ್ತು, ಆಮೇಲೆ ಹ್ಯಾಮಿಲ್ಟನ್ ಕಾರು ತಿರುಗಿ ಜಲ್ಲಿಗೆ ಹೋಯಿತು. ಆದರೂ ಮೊದಲ ರೇಸು ಗೆದ್ದದ್ದು ಅವನೇ.

2024ರಲ್ಲಿ ನನ್ನ ಪಟ್ಟಿಯ ಮೇಲಿನ ಸಾಲು ಸರಿಯಾಗಿತ್ತು. ಟೆಸ್ಟಿಂಗ್‌ನ ಅತಿ ಫಾಸ್ಟ್ ಸುತ್ತು ಫೆರಾರಿಯ ಸೈನ್ಸ್‌ನದ್ದು, 1:29.921. ನಾನು ಬರೆದದ್ದು ರೆಡ್‌ಬುಲ್‌ನ ವರ್ಸ್ಟಾಪನ್ ಅಂತ. ಅವನು 22 ಸೆಕೆಂಡ್ ಮುಂದೆ ಬಂದು ಗೆದ್ದ. ಆದರೆ ನಮ್ಮ ಪಂಥ ಇದ್ದದ್ದು ಹತ್ತೂ ಟೀಮು ಯಾವ ಕ್ರಮದಲ್ಲಿ ಬರುತ್ತವೆ ಅನ್ನುವ ಪಟ್ಟಿಗೆ. ಆಲ್ಪೀನ್ ಹಿಂದಿನ ವರ್ಷ ಆರನೇ ಸ್ಥಾನ. ಅವರು ಓಡುವ ಹೊತ್ತಿಗೆ ನಾನು ಕಾಸರಗೋಡಿನಿಂದ ಬರುವ ಬಸ್ಸಿನಲ್ಲಿದ್ದೆ. ಒಂದು ಸುತ್ತನ್ನೂ ಬರೆದಿರಲಿಲ್ಲ. ಅಂದಾಜಿನ ಮೇಲೆ ಏಳು ಅಂತ ಹಾಕಿದೆ. ರೇಸಿನಲ್ಲಿ ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್‌ನಲ್ಲಿ ಅವರ ಎರಡೂ ಕಾರು 19 ಮತ್ತು 20, ಕಟ್ಟಕಡೆ. ಪುನಃ ನಾಲ್ಕು ಪ್ಲೇಟ್ ಗೋಳಿಬಜೆ.