"ಇವತ್ತು ನಾ ಹತ್ತೋದಿಲ್ಲ"

ಆ ಬೆಳಿಗ್ಗೆ ಹುಡುಗ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ್ದ. "ಅಣ್ಣ, ಇವತ್ತು ಬ್ಯಾಡ ಅನ್ನಿಸ್ತದೆ." ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಬ್ಯಾಡ ಅಂದ್ರೆ ಅಡಿಕೆ ಕೊನೆ ತಾನಾಗೇ ಇಳೀತದಾ?" ಉಳಿದವರು ನಕ್ಕರು. ಅವನು ಏನೂ ಹೇಳದೆ ಕಾಲಿಗೆ ತಳೆ (ಮರ ಹತ್ತುವಾಗ ಎರಡೂ ಪಾದ ಹಿಡಿದಿಡುವ ಬಳೆ) ಹಾಕಿಕೊಂಡ.

ಶಿರಸಿ ಕಡೆ ನಮ್ಮನ್ನು ಕೊನೆಗೌಡರು ಎನ್ನುತ್ತಾರೆ. ಅಡಿಕೆ ಮರ ಹತ್ತುವುದು, ಕೊನೆ, ಅಂದರೆ ಅಡಿಕೆ ಗೊಂಚಲು, ಕೊಯ್ಯುವುದು, ಮಳೆಗಾಲದಲ್ಲಿ ಔಷಧಿ ಹೊಡೆಯುವುದು ನಮ್ಮ ಕೆಲಸ. ನಾನು 18 ವರ್ಷದಿಂದ ಮಾಡುತ್ತಿದ್ದೇನೆ. ಈಗ 7 ಜನರ ತಂಡ ಇದೆ. ಹುಲೇಕಲ್, ಸೋಂದಾ, ವಾನಳ್ಳಿ ಕಡೆಯ ತೋಟಗಳಿಗೆ ಹೋಗುತ್ತೇವೆ. ಒಂದು ಮರದ ಕೊನೆ ಕೊಯ್ದಾದ ಮೇಲೆ ಪ್ರತಿ ಸಲ ಕೆಳಗಿಳಿಯುವುದಿಲ್ಲ. ಮರವನ್ನೇ ತೂಗಿಸಿ, ಪಕ್ಕದ ಮರ ಹಿಡಿದು, ಮೇಲಿಂದ ಮೇಲೇ ದಾಟುತ್ತೇವೆ. ಕೈ ಬಿಡಬೇಕಾದ ಆ ಒಂದು ಕ್ಷಣದಲ್ಲಿ ಮನಸ್ಸು ಪೂರ್ತಿ ಅಲ್ಲೇ ಇರಬೇಕು.

ಹುಡುಗನ ಮನಸ್ಸು ಅಲ್ಲಿರಲಿಲ್ಲ. ಮೂರನೇ ಮರದಿಂದ ದಾಟುವಾಗ ಕೈ ತಪ್ಪಿತು. ದೇವರು ದೊಡ್ಡವನು, ಮರ ಅಪ್ಪಿಕೊಂಡ. ಹಾಗೇ ಕೆಳಗಿನವರೆಗೆ ಜಾರಿದ. ಎದೆ, ತೋಳು, ತೊಡೆ ಎಲ್ಲ ತರಚಿ ಹೋಗಿತ್ತು. ಕೂರಿಸಿ ನೀರು ಕುಡಿಸಿದ ಮೇಲೆ ಗೊತ್ತಾಯಿತು. ಅವನ ಮಗುವಿಗೆ ಎರಡು ದಿನದಿಂದ ಜ್ವರ. ರಾತ್ರಿ ಕಣ್ಣು ಮುಚ್ಚಿರಲಿಲ್ಲ. ನಾನು "ಯಾಕೆ?" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು, ಅಲ್ವಾ? ಮುಂದೆ ಎಷ್ಟೋ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ತಂಡ ನಡೆಸುವುದು ಎಂದರೆ ಕೆಲಸ ಹಂಚುವುದು, ದುಡ್ಡು ಹಂಚುವುದು ಎಂದು ತಿಳಿದಿದ್ದೆ. ಅದಾದ ಮೇಲೆ ಒಂದೇ ವಿಷಯ ತಲೆಯಲ್ಲಿ ಕೂತಿತು. "ಇವತ್ತು ನಾ ಹತ್ತೋದಿಲ್ಲ" ಎಂದು ಹೇಳುವುದು ನಮ್ಮವರಿಗೆ ಸುಲಭ ಆಗಬೇಕು.

ಸುಮ್ನೆ "ಹೇಳಿ, ಹೇಳಿ" ಎಂದರೆ ಯಾರೂ ಹೇಳುವುದಿಲ್ಲ. ಯಾಕೆಂದರೆ ಹತ್ತದಿದ್ದರೆ ಕೂಲಿ ಕಡಿಮೆ. ಹತ್ತುವವನಿಗೆ ಜಾಸ್ತಿ, ಕೆಳಗೆ ನೇಣು, ಅಂದರೆ ಕೊಯ್ದ ಕೊನೆ ಇಳಿದು ಬರುವ ಹಗ್ಗ, ಹಿಡಿಯುವವನಿಗೆ, ಕೊನೆ ಹೊರುವವನಿಗೆ ಕಡಿಮೆ ಎಂಬುದು ನಮ್ಮಲ್ಲಿ ಮೊದಲಿಂದ ಬಂದದ್ದು. ಮನೆಯಲ್ಲಿ ಮಗುವಿಗೆ ಜ್ವರ ಇರುವ ದಿನವೇ ದುಡ್ಡು ಬೇಕಾಗುತ್ತದೆ. ಹಾಗಾಗಿ ಮೊದಲು ಲೆಕ್ಕ ಬದಲಾಯಿಸಿದೆ. ಹತ್ತುವವನು ಒಂದು ದಿನ ಕೆಳಗೆ ನಿಂತರೂ ಅವತ್ತು ಅವನಿಗೆ ಹತ್ತುವವನ ಕೂಲಿಯೇ. ಅದರ ಹೊರೆ ಎಲ್ಲರ ಮೇಲೆ ಸ್ವಲ್ಪ ಸ್ವಲ್ಪ ಬೀಳುತ್ತದೆ, ನನ್ನ ಮೇಲೆ ಚೂರು ಜಾಸ್ತಿ. ಇಬ್ಬರು ಒಪ್ಪಲಿಲ್ಲ. "ದಿನಾ ಒಬ್ಬೊಬ್ಬ ಸುಳ್ಳು ಹೇಳ್ತಾನೆ ನೋಡು" ಎಂದರು. ನಾಲ್ಕು ಕೊಯ್ಲು ಆಯಿತು. ಹಾಗೆ ಮಾಡಿದವನು ಒಬ್ಬನೇ. ಅವನಿಗೆ ನಾನು ಏನೂ ಹೇಳಬೇಕಾಗಿ ಬರಲಿಲ್ಲ, ಜೊತೆಯವರೇ ಕೂರಿಸಿಕೊಂಡು ಹೇಳಿದರು.

ಇನ್ನೊಂದು, ಕೇಳುವ ಹೊತ್ತು. ತೋಟಕ್ಕೆ ಇಳಿದ ಮೇಲೆ ಕೇಳಿದರೆ ತಡವಾಯಿತು. ಅಷ್ಟು ಹೊತ್ತಿಗೆ ತಳೆ, ಕತ್ತಿ ಕೈಯಲ್ಲಿರುತ್ತದೆ, ಮಾನದ ಪ್ರಶ್ನೆ ಆಗುತ್ತದೆ. ಈಗ ಅಂಗಳದಲ್ಲಿ ಚಾ ಕುಡಿದು ಕವಳ ಹಾಕುವಾಗ ಮಾತಾಡುತ್ತೇನೆ. ಆರಾಮಿದ್ದೀಯಾ ಎಂದು ಕೇಳುವುದಿಲ್ಲ. ಅದಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ. "ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ? ಮನೇಲಿ ಏನು ಸುದ್ದಿ?" ಎನ್ನುತ್ತೇನೆ. ಎಲೆಗೆ ಸುಣ್ಣ ಹಚ್ಚುವ ಕೈ ನೋಡುತ್ತೇನೆ. ಕುಡಿದ ಕೈ, ನಿದ್ದೆಗೆಟ್ಟ ಕೈ ಅಲ್ಲೇ ಗೊತ್ತಾಗುತ್ತದೆ. ಗೊತ್ತಾದರೆ ಪಕ್ಕಕ್ಕೆ ಕರೆದು ಹೇಳುತ್ತೇನೆ. ನಾಲ್ಕು ಜನರ ಎದುರು ಯಾರಿಗೂ ಏನೂ ಅನ್ನುವುದಿಲ್ಲ.

ಎಲ್ಲಕ್ಕಿಂತ ಕಷ್ಟ ಆದದ್ದು ನಮ್ಮ ಹಿರಿಯರೊಬ್ಬರ ವಿಷಯ. ನನಗೆ ಮರ ಹತ್ತಲು ಕಲಿಸಿದವರೇ ಅವರು. ವಯಸ್ಸು 60ರ ಹತ್ತಿರ. ಇಳಿಯುವಾಗ ಮೊಣಕಾಲು ನಡುಗುವುದು ಕೆಳಗಿಂದ ಕಾಣುತ್ತಿತ್ತು. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. "ಸಾಕು, ಇನ್ನು ಹತ್ತಬೇಡಿ" ಎಂದು ಗುರುವಿಗೆ ಹೇಗೆ ಹೇಳುವುದು? ಒಂದು ಇಡೀ ಕೊಯ್ಲು ಹೀಗೇ ಕಳೆಯಿತು. ಅದು ನನ್ನ ಹೆದರಿಕೆ, ಮರ್ಯಾದೆ ಅಲ್ಲ. ಆ ಕೊಯ್ಲಿನಲ್ಲಿ ಅವರು ಬಿದ್ದಿದ್ದರೆ ತಪ್ಪು ನನ್ನದೇ ಆಗುತ್ತಿತ್ತು.

ಕೊನೆಗೆ ಒಂದು ಸಂಜೆ ಅವರ ಮನೆಗೆ ಹೋದೆ. ಹತ್ತಬೇಡಿ ಎನ್ನಲಿಲ್ಲ. ನನ್ನ ತೊಂದರೆ ಹೇಳಿಕೊಂಡೆ. ಬೇಯಿಸಿ ಕೆಂಪಡಿಕೆ ಮಾಡುವವರಿಗೆ ಎಳೆಯ ಕೊನೆ ಬೇಕು, ಹಾಗೇ ಒಣಗಿಸಿ ಚಾಲಿ ಮಾಡುವವರಿಗೆ ಹಣ್ಣಾದದ್ದು ಬೇಕು. ನಮ್ಮ ಹುಡುಗರಿಗೆ ಕೊನೆಯ ಹದ ಗೊತ್ತಾಗುತ್ತಿರಲಿಲ್ಲ. ಬಲಿಯದ್ದನ್ನು ಕೊಯ್ದು ತೋಟದವರಿಂದ ಬೈಗುಳ ತಿನ್ನುತ್ತಿದ್ದೆವು. "ನೀವು ಕೆಳಗೆ ನಿಂತು ಯಾವುದು ಕೊಯ್ಯಬೇಕು ಹೇಳಿ, ನೇಣು ನೀವೇ ಹಿಡೀರಿ" ಎಂದೆ. ಅವರು ತುಂಬಾ ಹೊತ್ತು ಸುಮ್ಮನೆ ಕೂತರು. ಆಮೇಲೆ, "ನೀ ಕೇಳ್ತೀಯೋ ಇಲ್ವೋ ಅಂತ ನಾನೂ ಕಾಯ್ತಿದ್ದೆ" ಎಂದರು.

ಅವರು ಬಂದ ಮೇಲೆ ನೇಣು ಹಿಡಿಯುವ ಕೆಲಸಕ್ಕೇ ಗೌರವ ಬಂತು. ಮೊದಲು ಅದು ಹತ್ತಲಾಗದವರ ಕೆಲಸ ಆಗಿತ್ತು. ಈಗ ಹುಡುಗರು "ಅಜ್ಜನ ಹತ್ರ ಒಂದಿನ ಹದ ನೋಡೋದು ಕಲೀತೀನಿ" ಎಂದು ತಾವೇ ಕೆಳಗೆ ನಿಲ್ಲುತ್ತಾರೆ. ಕಾರ್ಬನ್ ಫೈಬರ್ ದೋಟಿ, ಅಂದರೆ ತುದಿಗೆ ಕತ್ತಿ ಇರುವ ಉದ್ದ ಕೋಲು, ಬಂದ ಮೇಲೆ ನೆಲದ ಮೇಲೆ ನಿಂತೇ ಎಷ್ಟೋ ಕೊನೆ ಕೊಯ್ಯುತ್ತೇವೆ. ಅದನ್ನು ನನಗೆ ಕಲಿಸಿದವನು ಜಾರಿ ಬಿದ್ದ ಹುಡುಗನೇ. ದೋಟಿ ಎತ್ತಿ ನಿಲ್ಲಿಸಿದರೆ ಕುತ್ತಿಗೆ ಹಿಡಿಯುತ್ತದೆ, ಅದಕ್ಕೆ ಗಂಟೆಗೊಮ್ಮೆ ಆಳು ಬದಲಾಯಿಸುತ್ತೇವೆ.

ತೋಟದವರ ಹತ್ತಿರ ನಿಲ್ಲುವುದೂ ತಂಡ ನಡೆಸುವವನದೇ ಕೆಲಸ. ಮಳೆಗಾಲದಲ್ಲಿ ಇದು ಜಾಸ್ತಿ. ಕೊಳೆರೋಗ ಬಂದರೆ ಎಳೆಕಾಯಿ ರಾಶಿ ರಾಶಿ ಉದುರುತ್ತದೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ ಬೆರೆಸಿ ಔಷಧಿ ಮಾಡಿ ತೋಟದವರು ಕಾಯುತ್ತಾ ಕೂತಿರುತ್ತಾರೆ. ಸ್ವಲ್ಪ ಬಿಸಿಲು ಬಂದರೆ ಸಾಕು, "ಈಗಲೇ ಹತ್ತಿಸು" ಎಂದು ಫೋನು. ಅವರ ಕಷ್ಟ ನಿಜ, ವರ್ಷದ ಬೆಳೆ ಅದು. ಆದರೆ ಮರದ ತುಂಬ ಹಾವಸೆ ಇರುತ್ತದೆ, ಕೈ ನಿಲ್ಲುವುದಿಲ್ಲ. ಅಂಗೈಯಲ್ಲಿ ಮರ ಉಜ್ಜಿ ನೋಡುತ್ತೇನೆ. ಕೈಗೆ ನೀರು ಅಂಟಿದರೆ ಯಾರನ್ನೂ ಹತ್ತಿಸುವುದಿಲ್ಲ. ಬೇಡ ಎನ್ನುವುದು ನಾನು, ಬೈಗುಳ ಕೇಳುವುದೂ ನಾನು. ಹುಡುಗರ ಕಿವಿಗೆ ಅದು ಹೋಗಬಾರದು. ಇದರಿಂದ ಎರಡು ತೋಟ ಕೈಬಿಟ್ಟು ಹೋಯಿತು. ಬೇಜಾರಾಯಿತು, ನಿಜ.

ಎರಡು ವರ್ಷಕ್ಕೊಮ್ಮೆ ಬರುವ ಮಾರಿಜಾತ್ರೆಗೆ ಖರ್ಚು ಜಾಸ್ತಿ, ಆ ವರ್ಷ ಮುಂಗಡ ಕೇಳಿದವರಿಗೆಲ್ಲ ಕೊಡುತ್ತೇನೆ. ಸಾಲದ ಚಿಂತೆ ತಲೆಯಲ್ಲಿಟ್ಟುಕೊಂಡು ಮರ ದಾಟುವುದು ಒಳ್ಳೆಯದಲ್ಲ.

ಈ ಸಲದ ಕೊಯ್ಲಿನಲ್ಲಿ ಒಂದು ದಿನ ನನಗೇ ತಲೆ ತಿರುಗಿದ ಹಾಗೆ ಆಯಿತು. ಹಿಂದಿನ ದಿನದಿಂದ ಸರಿ ಇರಲಿಲ್ಲ. ಕವಳ ಹಾಕುವಾಗ ಎಲ್ಲರ ಮನೆ ಸುದ್ದಿ ಕೇಳಿದೆ, ನನ್ನದು ಹೇಳಲಿಲ್ಲ. ಮೊದಲ ಮರ ನಾನೇ ಹತ್ತುವುದು ರೂಢಿ. ತಳೆ ಹಾಕಿಕೊಂಡು ಮರ ಹಿಡಿದೆ, ಮತ್ತೆ ಕೈ ಬಿಟ್ಟೆ. ಬಾಯಿಂದ ಮಾತು ಹೊರಡಲು ಎಷ್ಟು ಹೊತ್ತು ಬೇಕಾಯಿತು ಎಂದರೆ, ಅವತ್ತು ಆ ಹುಡುಗ ನನ್ನ ಹತ್ತಿರ ಬಂದು ನಿಂತಿದ್ದು ಎಂಥ ಧೈರ್ಯ ಎಂದು ಆಗ ಗೊತ್ತಾಯಿತು.

"ಇವತ್ತು ನಾ ಹತ್ತೋದಿಲ್ಲ" ಎಂದೆ.

ಯಾರೂ ನಗಲಿಲ್ಲ. ಹುಡುಗ ನನ್ನ ಕೈಯಿಂದ ಕತ್ತಿ ತೆಗೆದುಕೊಂಡ. ಅಜ್ಜ ನೇಣಿನ ತುದಿ ನನ್ನ ಕೈಗಿಟ್ಟು, "ಈಚೆ ನಿಲ್ಲು, ಅಲ್ಲಿ ಬಿಸಿಲು ಕಣ್ಣಿಗೆ ಬೀಳ್ತದೆ" ಎಂದರು.